ಒಂದು ಗಂಟು ಬಿಸಿ, ಎರಡು ಗಂಟು ತಂಪು

ಕೆಲಸಕ್ಕೆ ಹೋದ ಮನೆಯಲ್ಲಿ ಅವಳು ಮೊದಲು ಯಂತ್ರದ ಮುಖ ನೋಡುವುದಿಲ್ಲ. ಬೂಟು ಕಳಚಿ ಒಳಗೆ ಬಂದವಳೇ ಗಾಳಿ ಬರುವ ಜಾಲರಿಗೆ ಅಂಗೈ ಒಡ್ಡಿ, ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಅದಕ್ಕೇ ಜನ ಅವಳಿಗೆ ಅಂಗೈಯಕ್ಕ ಅಂತ ಹೆಸರಿಟ್ಟಿದ್ದು. ಮನೆಗಳನ್ನು ಬೆಚ್ಚಗೆ, ತಣ್ಣಗೆ ಇಡುವ ಯಂತ್ರಗಳ ರಿಪೇರಿ ಅವಳ ಕಸುಬು, ಇಪ್ಪತ್ತಾರು ವರ್ಷವಾಯಿತು. "ಪರದೆ ಏನು ಬೇಕಾದ್ರೂ ತೋರಿಸ್ಲಿ, ನನ್ನ ಕೈಗೆ ಮೋಸ ಮಾಡೋಕಾಗಲ್ಲ" ಅನ್ನುವುದು ಅವಳ ಜಂಬ. ಜಂಬಪಡಲಿ ಬಿಡಿ, ಕೆಲಸ ಬಲ್ಲವಳು.

ಆ ಬೆಳಗ್ಗೆ ಕರೆ ಬಂದದ್ದು ನಲವತ್ತು ಮನೆಗಳ ಕಟ್ಟಡವೊಂದರ ಮೂರನೇ ಮಹಡಿಯಿಂದ. ಕರೆದವರು ಹಲ್ಲಿನ ಡಾಕ್ಟರು. ಹಿಂದಿನ ವಾರವಷ್ಟೇ, ಮನೆಯ ಬಿಸಿ-ತಂಪನ್ನು ಹೆಚ್ಚುಕಮ್ಮಿ ಮಾಡುವ ಹಳೆಯ ಥರ್ಮೋಸ್ಟಾಟ್ ಕೀಳಿಸಿ, ಮೊಬೈಲಿನಿಂದ ನಡೆಸುವ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿಸಿದ್ದರು. ಪರದೆಯೇನೋ ಚೆನ್ನಾಗಿ ಮಿನುಗುತ್ತಿತ್ತು. ಆದರೆ ಬಿಸಿ ಕೇಳಿದರೆ ಮನೆ ತಣ್ಣಗೆ ಕೊರೆಯುತ್ತಿತ್ತು, ತಂಪು ಕೇಳಿದರೆ ಬೆವರು ಕಿತ್ತುಬರುತ್ತಿತ್ತು.

"ಹಾಕಿದವರು ಕೈ ತೊಳ್ಕೊಂಡ್ರು. ಗೋಡೆಯೊಳಗಿನ ವೈರಿಂಗೇ ಹಾಳಂತೆ," ಎಂದರು ಡಾಕ್ಟರು. "ಇಡೀ ಕಟ್ಟಡಕ್ಕೆ ವೈರ್ ಎಳೆದವನು ಒಬ್ಬನೇ ಅಂತೆ. ಯಾವ ಪುಣ್ಯಾತ್ಮನೋ! ಸಂಜೆ ಮನೆಯವರೆಲ್ಲರ ಸಭೆ ಇದೆ. ನಲವತ್ತೂ ಮನೆಯ ಗೋಡೆ ಒಡೆಸಿ, ಎಲ್ಲಾ ಹೊಸದಾಗಿ ಎಳೆಸೋಣ ಅಂತೀನಿ."

ಆ ಪುಣ್ಯಾತ್ಮ ಅಂಗೈಯಕ್ಕನ ಅಪ್ಪ. ಈ ಕಟ್ಟಡವೇ ಅವನ ಬಾಳಿನ ದೊಡ್ಡ ಕೆಲಸ. ಎಂಬತ್ತರ ಹತ್ತಿರ ಬಂದಿದ್ದರೂ, ಬಸ್ಸು ಈ ದಾರಿಯಲ್ಲಿ ಹೋದರೆ ಸಾಕು, ಪಕ್ಕದ ಸೀಟಿನವರಿಗೆ "ಅದು ನಂದು" ಅಂತ ಬೆರಳು ತೋರಿಸುತ್ತಾನೆ. ಗೋಡೆ ಒಡೆದರೆ ಅಪ್ಪನನ್ನೇ ಒಡೆದ ಹಾಗೆ.

"ಡಾಕ್ಟ್ರೇ, ಯಾವ ಹಲ್ಲು ನೋಯ್ತಿದೆ ಅಂತ ನೋಡ್ದೆ ಬಾಯಲ್ಲಿರೋದನ್ನೆಲ್ಲಾ ಕೀಳ್ತೀರಾ ನೀವು? ಒಂದು ಗಂಟೆ ಟೈಮ್ ಕೊಡಿ ನಂಗೆ."

ಮೇನ್ ಸ್ವಿಚ್ ಆರಿಸಿ ಥರ್ಮೋಸ್ಟಾಟಿನ ತಿರುಪು ಬಿಚ್ಚಿದಳು. ನಾಲ್ಕು ತಂತಿ. ನೀಲಿ, ಹಳದಿ ಸರಿಯಾಗೇ ಕೂತಿದ್ದವು. ಪರದೆ ಬೆಳಗುತ್ತಿದ್ದುದು ಅದಕ್ಕೇ. ಕೆಂಪನ್ನು ಬಿಸಿಯ ಜಾಗಕ್ಕೆ, ಹಸಿರನ್ನು ತಂಪಿನ ಜಾಗಕ್ಕೆ ಹಾಕಿದ್ದರು. ಯಾರೇ ಆದರೂ ಹಾಗೇ ಹಾಕುತ್ತಿದ್ದರು. ಅವಳು ಮಾತ್ರ ತಂತಿಗಳನ್ನು ಗೋಡೆಯಿಂದ ಒಂದು ಗೇಣು ಹೊರಗೆಳೆದು ಬೆರಳಾಡಿಸಿದಳು. ಸಿಕ್ಕೇಬಿಟ್ಟಿತು! ಹಸಿರು ತಂತಿಗೆ ಹೊಲಿಗೆ ದಾರದ ಒಂದು ಗಂಟು, ಕೆಂಪಿಗೆ ಎರಡು. ಅಮ್ಮನ ಹೊಲಿಗೆ ಡಬ್ಬಿಯ ದಾರ. ಅವಳಿಗೆ ನಗುವೂ ಬಂತು, ಅಳುವೂ ಬಂತು.

ಅಪ್ಪನ ಜೊತೆ ಕೆಲಸಕ್ಕೆ ಇಳಿದ ಹೊಸದರಲ್ಲಿ ಈ ದಾರ ಯಾಕೆಂದು ಕೇಳಿದ್ದಳು. "ಬಣ್ಣ ಮಾಸುತ್ತೆ ಮಗಳೇ, ಗಂಟು ಮಾಸಲ್ಲ" ಅಂದಿದ್ದ. ಅಪ್ಪನ ಕಣ್ಣಿಗೆ ಕೆಂಪು, ಹಸಿರು ಎರಡೂ ಒಂದೇ. ತಂತಿಯ ಬಣ್ಣ ನೋಡಿ ಅನ್ನ ಸಂಪಾದಿಸುವ ಕಸುಬಿನಲ್ಲಿ ಇದು ಹೊರಗೆ ಬಿದ್ದರೆ ಕೆಲಸ ಕೊಡುವವರಾರು? ಹೆಂಡತಿಗೆ ಬಿಟ್ಟು ಯಾರಿಗೂ ಹೇಳದೆ ಆಯುಷ್ಯ ಕಳೆದುಬಿಟ್ಟ. ತನಗೆ ಗೊತ್ತೆಂದು ಅವಳೂ ಬಾಯಿಬಿಟ್ಟವಳಲ್ಲ.

"ಕೆಂಪಂದ್ರೆ ಬಿಸಿ, ಮಗುಗೂ ಗೊತ್ತು. ಉಲ್ಟಾ ಎಳೆದಿದಾನಲ್ರೀ!" ಎಂದರು ಡಾಕ್ಟರು.

"ಇಪ್ಪತ್ತೆಂಟು ವರ್ಷ ಈ ಮನೆ ಬೆಚ್ಚಗಿತ್ತೋ ಇಲ್ವೋ?"

"ಇತ್ತಪ್ಪಾ."

"ಮತ್ತೆ? ಎಳೆದೋರು ಗುರುತು ಇಟ್ಟು ಹೋಗಿದಾರೆ, ಬಿಚ್ಚಿದೋರು ನೋಡಿಲ್ಲ. ಒಂದು ಗಂಟು ಬಿಸಿ, ಎರಡು ಗಂಟು ತಂಪು. ಮುಟ್ಟಿ ನೋಡಿ."

ಎರಡು ತಂತಿಗಳ ಜಾಗ ಅದಲುಬದಲು ಮಾಡಿ, ಸ್ವಿಚ್ ಹಾಕಿ, ಬಿಸಿ ಕೇಳಿದಳು. ಡಾಕ್ಟರ ಕೈಯನ್ನೇ ಎಳೆದು ಜಾಲರಿಗೆ ಹಿಡಿದಳು. ಕ್ಷಣ ಕಳೆಯಿತು, ಉಗುರುಬೆಚ್ಚಗಿನ ಗಾಳಿ, ಆಮೇಲೆ ಒಳ್ಳೇ ಬಿಸಿ ಗಾಳಿ. ಡಾಕ್ಟರ ಮುಖ ಅರಳಿತು. ಅನುಮಾನ ಉಳಿಯಬಾರದೆಂದು ಪಕ್ಕದ ಮನೆಯದನ್ನೂ ಬಿಚ್ಚಿ ತೋರಿಸಿದಳು. ಅಲ್ಲಿ ಕೆಂಪಿಗೇ ಒಂದು ಗಂಟು.

"ಬಣ್ಣ ಮನೆಗೊಂದು ಥರ ಇರುತ್ತೆ ಡಾಕ್ಟ್ರೇ. ನೀವು ಗಂಟು ಎಣಿಸಿ."

ಡಾಕ್ಟರು ಅಲ್ಲೇ ನಿಂತು, ನೋಟೀಸ್ ಬೋರ್ಡಿಗೆ ಹಾಕಲು ಅದನ್ನೇ ದಪ್ಪ ಅಕ್ಷರದಲ್ಲಿ ಬರೆದರು. "ಗೋಡೆ ಒಡೆಯೋ ಮಾತು ಇಲ್ಲಿಗೆ ಮುಗೀತು. ಯಾರ್ರೀ ಆ ಮನುಷ್ಯ?"

"ನಮ್ಮಪ್ಪ," ಎಂದಳು, ತಲೆಯೆತ್ತಿ.

ಅವಳು ಮನೆಗೆ ಬರುವಷ್ಟರಲ್ಲಿ ಸುದ್ದಿ ಅಪ್ಪನ ಕಿವಿ ಮುಟ್ಟಿತ್ತು, ಅದೂ ಅರ್ಧಂಬರ್ಧ. ಅಪ್ಪ ಊಟ ಬಿಟ್ಟು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ.

"ಗೋಡೆ ಒಡೀತಾರಂತೆ? ನನ್ನ ಕೈಲಿ ಬಣ್ಣ ಏನಾದ್ರೂ ಹೆಚ್ಚುಕಮ್ಮಿ..." ಎನ್ನುತ್ತಾ ಕುರ್ಚಿಯಿಂದ ಅರ್ಧ ಎದ್ದ.

"ಒಂದು ಗೋಡೆನೂ ಒಡೆಯಲ್ಲ. ಬಣ್ಣ ಯಾರಿಗೆ ಬೇಕಪ್ಪಾ? ನಾನು ಗಂಟು ಎಣಿಸ್ದೆ."

ಅಪ್ಪ ಅವಳ ಮುಖವನ್ನೇ ನೋಡಿದ. "ಯಾವಾಗಿಂದ ಗೊತ್ತು ನಿಂಗೆ?"

"ಏಳು ವರ್ಷದೋಳು ನಾನು. ಹಸಿರು ಫ್ರಾಕೇ ಬೇಕು ಅಂತ ಹಠ ಹಿಡಿದಿದ್ದೆ. ನೀನು ಪೇಟೆಯೆಲ್ಲಾ ಸುತ್ತಿ ಕೆಂಪು ಫ್ರಾಕ್ ತಂದು, ತಗೋ ನಿನ್ನ ಹಸಿರು ಅಂತ ಕೊಟ್ಟೆ."

"ಅಯ್ಯೋ! ನೀನು ಅದನ್ನ ಹಾಕ್ಕೊಂಡು ಕುಣಿದಾಡಿದೆಯಲ್ಲೇ!"

"ಹೂಂ ಮತ್ತೆ. ಅಷ್ಟು ಚೆಂದದ ಹಸಿರು ನಾನು ಇವತ್ತಿಗೂ ಇನ್ನೊಂದು ನೋಡಿಲ್ಲ."