ದಿಲ್ಲಿಯವರು ಅತ್ತೆಯನ್ನು ನೋಡಲು ಬಂದದ್ದು

ಅಂದು ಶಿರಾ ಮಾಡಿದ್ದರೋ ಇಲ್ಲವೋ, ಈಗ ಖಾತ್ರಿಯಾಗಿ ಹೇಳಲಾರೆ. ಉಪ್ಪಿಟ್ಟಂತೂ ಇತ್ತು. ಬಂದವರು ಗಂಡ ಹೆಂಡತಿ ಇಬ್ಬರೇ ಎಂದು ನನ್ನ ನೆನಪು. ಮನೆಯವರು ಮೂವರು ಎನ್ನುತ್ತಾರೆ, ಡ್ರೈವರನನ್ನೂ ಸೇರಿಸಿರಬೇಕು. ಆ ಕಾಲಕ್ಕೆ ನಾನು ದಿನಚರಿ ಬರೆಯುತ್ತಿದ್ದೆ. ಆದರೆ ಆ ದಿನ ಸೆಕೆಯ ಬಗ್ಗೆ ಎರಡು ಸಾಲು ಗೀಚಿ ಮುಗಿಸಿದ್ದೇನೆ. ಮುಖ್ಯವಾದದ್ದು ಹೇಗೂ ನೆನಪಿರುತ್ತದೆ ಎಂದುಕೊಂಡಿದ್ದೆನೋ ಏನೋ.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ, ರಜೆಗೆಂದು ಬೆಳಗಾವಿಗೆ, ನೆಹರು ನಗರದ ನಮ್ಮ ಮನೆಗೆ ಬಂದಿದ್ದೆ. ಅಪ್ಪನ ತಂಗಿ, ನನ್ನ ಅತ್ತೆ, ನಮ್ಮ ಜೊತೆಗೇ ಇದ್ದಳು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಬೆಳಗಿನ ರೈಲಿಗೆ ಖಾನಾಪುರಕ್ಕೆ ಹೋಗಿ ಅಲ್ಲಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಸಂಜೆ ಮರಳುತ್ತಿದ್ದಳು. ಶೇಕಡಾ ಲೆಕ್ಕ ಕಲಿಸಲು ಹುಡುಗಿಯರನ್ನು ಹಂಚಿನ ಭಟ್ಟಿಗೆ ಕರೆದುಕೊಂಡು ಹೋಗುತ್ತಿದ್ದಳು. ಹಸಿ ಹಂಚನ್ನು ಅಳೆಯಬೇಕು, ಸುಟ್ಟ ಹಂಚನ್ನು ಅಳೆಯಬೇಕು, ಎಷ್ಟು ಕುಗ್ಗಿತು ಹೇಳಬೇಕು. ಕನ್ನಡದ ಹುಡುಗಿಯರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ. ಶಾಲೆ ಬಿಡಿಸಿ ಮಕ್ಕಳನ್ನು ಭಟ್ಟಿಗೆ ಕರೆದೊಯ್ಯುತ್ತಾಳೆ ಎಂದು ಪಾಲಕರು ಜಗಳಕ್ಕೂ ಬಂದಿದ್ದರು.

ಇದನ್ನೆಲ್ಲ ಅವಳು ಧಾರವಾಡದ ಒಂದು ಶಿಕ್ಷಕರ ಸಭೆಯಲ್ಲಿ ಹೇಳಿದ್ದಳಂತೆ. ಸಭೆಯಲ್ಲಿ ದಿಲ್ಲಿಯ ಒಬ್ಬ ಅಧಿಕಾರಿ ಇದ್ದರು, ಮೂಲತಃ ಮೈಸೂರಿನ ಕಡೆಯವರು. ದೇಶಕ್ಕೆಲ್ಲ ಒಂದು ಶಿಕ್ಷಣ ನೀತಿ, ಅದರೊಳಗೆ ಕಸಬಿನ ತರಬೇತಿಯೂ ಸೇರಬೇಕು ಎಂದು ಕರಡು ಬರೆಯುವ ಕೆಲಸ ಆಗ ನಡೆದಿತ್ತು. ಅದಕ್ಕೆ ಸಲಹೆಗಾರರನ್ನು ಆರಿಸುವುದು ಅವರ ಹೊಣೆ. ಗೋವಾಕ್ಕೆ ಹೋಗುವವರಿದ್ದೇವೆ, ದಾರಿಯಲ್ಲಿ ಮನೆಗೆ ಬಂದು ಮಾತಾಡುತ್ತೇವೆ ಎಂದು ಶಾಲೆಗೆ ಫೋನ್ ಮಾಡಿದ್ದರು.

"ಸಲಹಾ ಕೊಡಾಕ ದಿಲ್ಲ್ಯಾಗ ಪಗಾರ ಕೊಡ್ತಾರಂತ," ಎಂದು ನನ್ನ ಅಜ್ಜಿ ಓಣಿಗೆಲ್ಲ ಕೇಳುವಂತೆ ನಕ್ಕಳು. "ನಾ ಇಲ್ಲಿ ಪುಕ್ಕಟೆ ಕೊಟ್ಟರೂ ಒಬ್ರೂ ತಗೊಳ್ಳಾಂಗಿಲ್ಲ."

ನಗುತ್ತಲೇ ಅವಳು ತಯಾರಿಗೆ ನಿಂತಳು. ನಮ್ಮ ಮನೆಗೆ ಯಾರಾದರೂ ಹೊರಗಿನಿಂದ ಬಂದು ಒಬ್ಬ ಹೆಣ್ಣನ್ನು ಆರಿಸುವುದೆಂದರೆ ಒಂದೇ ರೀತಿ ಗೊತ್ತಿತ್ತು. ಬಾಜೂ ಮನೆಯಿಂದ ಕುರ್ಚಿ ಬಂದವು. ಜಮಖಾನೆ ಹಾಸಿದರು. ಅಜ್ಜಿ ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತೆಗೆದಳು.

"ಅವ್ವಾ, ಅವರು ನನ್ನ ನೋಡಾಕ ಬರಾಕತ್ತಿಲ್ಲ. ಮಾತಾಡಾಕ ಬರಾಕತ್ತಾರ."

"ಮಾತಾಡಾಕ ಬಂದವರಿಗೆ ಕಣ್ಣ ಇರಾಂಗಿಲ್ಲೇನ? ಸುಮ್ನ ಉಟ್ಕೋ."

ಅತ್ತೆ ಉಟ್ಟುಕೊಂಡಳು. ನನಗೆ ಇದು ವಿಚಿತ್ರ ಅನಿಸಿತ್ತು. ಬಂದ ವರಗಳನ್ನೆಲ್ಲ ಒಂದೊಂದು ನೆಪ ಹೇಳಿ ಹಿಂದಕ್ಕೆ ಕಳಿಸಿದವಳು ಅವಳು. ಅಂದು ಮಾತ್ರ ಒಳಗೂ ಹೊರಗೂ ತಿರುಗುತ್ತಿದ್ದಳು, ಕನ್ನಡಿಯ ಮುಂದೆ ನಿಂತಳು, ಮತ್ತೆ ಬಾಗಿಲಿಗೆ ಹೋದಳು. ಅವಳಿಗೆ ಆ ಕೆಲಸ ಬೇಕಾಗಿತ್ತು. ಅವಳು ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ವಾರವೆಲ್ಲ ನನ್ನ ಹಿಂದಿ ಪುಸ್ತಕ ಅವಳ ದಿಂಬಿನ ಬಾಜೂ ಇತ್ತು.

ಕುರ್ಚಿಗಳು ಬಂದವರಿಗೂ ಅಪ್ಪನಿಗೂ ಸರಿಹೋದವು. ಅತ್ತೆ ಜಮಖಾನೆಯ ಅಂಚಿನಲ್ಲಿ, ಅಜ್ಜಿಯ ಪಕ್ಕಕ್ಕೆ ಕುಳಿತಳು. ತಟ್ಟೆ ತಂದವಳು ನಾನು.

"ಕಸಬಿನ ತರಬೇತಿ ಎಷ್ಟನೇ ತರಗತಿಯಿಂದ ಶುರುವಾಗಬೇಕು ಅಂತ ನಿಮ್ಮ ಅಭಿಪ್ರಾಯ?" ಎಂದು ಅಧಿಕಾರಿ ಅತ್ತೆಯನ್ನು ಕೇಳಿದರು.

ಉತ್ತರ ಕೊಟ್ಟವನು ಅಪ್ಪ. "ಎಲ್ಲಾ ಬರ್ತೈತ್ರಿ ಆಕಿಗೆ. ಹೊಲಿಗಿ ಅನ್ರಿ, ಕಸೂತಿ ಅನ್ರಿ. ಇಂಗ್ಲಿಷ್ ಅಂತೂ ಕೇಳೂದ ಬ್ಯಾಡ್ರಿ."

"ಸ್ವಭಾವ ಭಾಳ ಶಾಂತ್ರೀ," ಎಂದು ಅಜ್ಜಿ ಅಧಿಕಾರಿಯ ಹೆಂಡತಿಯ ಕಡೆ ಬಾಗಿ ಹೇಳಿದಳು. ಅದಂತೂ ಶುದ್ಧ ಸುಳ್ಳು. ಆ ಹೆಣ್ಣುಮಗಳು ಉಪ್ಪಿಟ್ಟು ಚೆನ್ನಾಗಿದೆ ಎಂದರು. "ಅದನ್ನೂ ಆಕಿನ ಮಾಡ್ಯಾಳ್ರಿ," ಎಂದಳು ಅಜ್ಜಿ. ಅದೂ ಸುಳ್ಳೇ.

ಆಗ ಅತ್ತೆ ಮಾತಾಡಿದಳು. ಅವಳ ಮಾತು ಇಷ್ಟಂತೂ ನನಗೆ ನೆನಪಿದೆ: "ನಪಾಸಾದವರಿಗೆ ಕಸಬು, ಪಾಸಾದವರಿಗೆ ಪುಸ್ತಕ ಅಂತ ಹಂಚಬ್ಯಾಡ್ರಿ ಸರ್. ಹಂಗ ಹಂಚಿದ್ರ ಕಸಬಿಗೂ ನಪಾಸ್ ಅಂತನ ಹೆಸರ ಬೀಳ್ತೈತಿ. ಹಂಚು ಅಳಿಯೂದೂ ಲೆಕ್ಕ ಬರಿಯೂದೂ ಒಂದ ತಾಸಿನಾಗ ಆಗಬೇಕು." ಅಧಿಕಾರಿ ತಟ್ಟೆ ಕೆಳಗಿಟ್ಟರು. ಮೇಷ್ಟ್ರುಗಳನ್ನು ಎಲ್ಲಿಂದ ತರುವುದು ಎಂದರು. ಭಟ್ಟಿಯ ಕೆಲಸಗಾರರನ್ನೇ ಕರೆಯಿರಿ ಎಂದಳು. ಅವರಿಗೆ ಪದವಿ ಇಲ್ಲವಲ್ಲ ಎಂದರು. ಹಾಗಾದರೆ ನಿಯಮ ಬದಲಾಯಿಸಿ, ಅದಕ್ಕೇ ಅಲ್ಲವೇ ನೀತಿ ಬರೆಯುತ್ತಿರುವುದು ಎಂದಳು. ಅವರು ಜೋರಾಗಿ ನಕ್ಕರು. ಅಪ್ಪ ನಗಲಿಲ್ಲ.

"ಎರಡು ವರ್ಷವಾದರೂ ದೆಹಲಿಯಲ್ಲಿ ಇರಬೇಕಾಗುತ್ತೆ. ನಿಮಗೆ ಒಪ್ಪಿಗೆಯೇ?"

ಅತ್ತೆ "ಹೂಂ" ಎಂದಳು ಎಂದೇ ನನ್ನ ನಂಬಿಕೆ. ಆದರೆ ಅದೇ ಗಳಿಗೆಗೆ ಅಪ್ಪನ ಗಟ್ಟಿ ದನಿ ಅದರ ಮೇಲೆ ಬಿತ್ತು: "ಮನ್ಯಾಗ ಎಲ್ಲಾರೂ ಕೂಡಿ ಮಾತಾಡಿ ತಿಳಸ್ತೀವ್ರೀ."

ನಮ್ಮ ಕಡೆ ವರನ ಮನೆಯವರಿಗೆ ಹೇಳುವ ಮಾತು ಅದು. ಹೇಳಿದವರು ತಿಳಿಸುವುದಿಲ್ಲ, ಕೇಳಿದವರು ಕಾಯುವುದಿಲ್ಲ. ಮುಖ ಕೆಡಿಸದೆ "ಇಲ್ಲ" ಎನ್ನುವ ರೀತಿ. ಆದರೆ ಅಧಿಕಾರಿ ದೂರದವರು. "ಆಗಲಿ, ಯೋಚನೆ ಮಾಡಿ, ಈ ತಿಂಗಳ ಒಳಗೆ ತಿಳಿಸಿ," ಎಂದು ತಮ್ಮ ವಿಳಾಸವನ್ನು ಅತ್ತೆಯ ಕೈಗೇ ಕೊಟ್ಟು ಗೋವಾಕ್ಕೆಂದು ಲೋಂಡಾದ ದಾರಿ ಹಿಡಿದರು. ಅವರು ನಿಜವಾಗಿಯೂ ಕಾದರು ಎಂದು ನಾನು ನಂಬುತ್ತೇನೆ. ಅದನ್ನು ನೆನೆದರೆ ಈಗಲೂ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ.

ಮನೆಯಲ್ಲಿ ಎಲ್ಲರೂ ಕೂಡಿ ಮಾತಾಡಲೇ ಇಲ್ಲ. ಅಪ್ಪ ಅಂಗಡಿಗೆ ಹೋದ, ಅತ್ತೆ ಶಾಲೆಗೆ ಹೋದಳು. ಊಟಕ್ಕೆ ಕೂತಾಗ ಈಗ ಮಾತು ಬರುತ್ತದೆ, ಈಗ ಬರುತ್ತದೆ ಎಂದು ನಾನು ಇಬ್ಬರ ಮುಖ ನೋಡುತ್ತಿದ್ದೆ. ರೊಟ್ಟಿ ಬರುತ್ತಿತ್ತು, ಪಲ್ಯ ಬರುತ್ತಿತ್ತು. ಹಿಂದಿ ಪುಸ್ತಕ ಯಾವಾಗಲೋ ನನ್ನ ಕಪಾಟಿಗೆ ಮರಳಿತು. ಮಳೆಗಾಲ ಮುಗಿಯುವ ಹೊತ್ತಿಗೆ ಬೇರೊಬ್ಬರನ್ನು ನೇಮಿಸಿದರೆಂದು ನನಗೆ ಧಾರವಾಡದಲ್ಲಿ ಗೊತ್ತಾಯಿತು.

ನಾನು ಬಹಳ ದಿನ ಅಪ್ಪನ ಮೇಲೆ ಸಿಟ್ಟಾಗಿದ್ದೆ. ಸಿಟ್ಟಿಗೆ ಒಂದು ಮುಖ ಇದ್ದರೆ ಸುಲಭ. ಆದರೆ ಅಪ್ಪ ಅಂದು ಆಡಿದ್ದು ಒಂದು ವಾಕ್ಯ. ಅತ್ತೆಯ ಕೈಯಲ್ಲಿ ವಿಳಾಸ ಇತ್ತು, ಇಂಗ್ಲಿಷ್ ಇತ್ತು, ಖಾನಾಪುರದಲ್ಲಿ ಶಾಲೆಗೆ ಹೋಗುವ ದಾರಿಯಲ್ಲೇ ಪೋಸ್ಟಾಫೀಸು ಇತ್ತು. ಹಾಗಾದರೆ ಅವಳು ಹೂಂ ಅನ್ನಲೇ ಇಲ್ಲವೇ? ನನಗೆ ಕೇಳಬೇಕಾಗಿದ್ದುದನ್ನು ನಾನೇ ಕೇಳಿಸಿಕೊಂಡೆನೇ?

ಒಂದೆರಡು ವರ್ಷ ಕಳೆದ ಮೇಲೆ, ಖಾನಾಪುರ ಸ್ಟೇಷನ್ನಿನಲ್ಲಿ ಅತ್ತೆಯೂ ನಾನೂ ಬೆಳಗಾವಿಯ ರೈಲಿಗೆ ಕಾಯುತ್ತ ಕುಳಿತಿದ್ದೆವು. ರೈಲು ತಡವಾಗಿತ್ತು. ಅವಳು ಮಡಿಲಲ್ಲಿ ಉತ್ತರಪತ್ರಿಕೆ ಇಟ್ಟುಕೊಂಡು ತಿದ್ದುತ್ತಿದ್ದಳು. ನಾನು ಕೇಳಿಯೇಬಿಟ್ಟೆ:

"ಅತ್ತಿ, ಅಪ್ಪ ತಿಳಸಲಿಲ್ಲ, ಖರೇ. ನೀನ ಯಾಕ ತಿಳಸಲಿಲ್ಲ?"

"ಒಮ್ಮಿ ಹೂಂ ಅಂದಿದ್ದೆ, ಎರಡನೇ ಸಲ ಒಬ್ಬಾಕಿನ ಕೂತು ಅದನ್ನ ಬರಿಯಾಕ ಧೈರ್ಯ ಸಾಲಲಿಲ್ಲ," ಎಂದಳು ಅತ್ತೆ, ಮುಂದಿನ ಉತ್ತರಪತ್ರಿಕೆ ತೆಗೆಯುತ್ತ.