ಇಪ್ಪತ್ಮೂರು ಡೇರಿಗಳ ಮಂಜೇಶ್

ಹಾಲಿನ ಡೇರಿಗಳ ಕಂಪ್ಯೂಟರ್ ನೋಡಿಕೊಳ್ಳುವ ಮಂಜೇಶ್ ನಮ್ಮ ಮಲ್ಲಿಪಟ್ಟಣಕ್ಕೆ ಬಂದರೆ ಮೊದಲು ಮಾತಾಡಿಸುವುದು ಯಂತ್ರವನ್ನು, ಆಮೇಲೆ ಡೇರಿಯ ಕಾರ್ಯದರ್ಶಿಯಾದ ನನ್ನನ್ನು. ಹೊಳೆನರಸೀಪುರ, ಚನ್ನರಾಯಪಟ್ಟಣ ಎಂದು ಬಸ್ಸಿನಲ್ಲೇ ಸವೆದ ಅವನ ಬಾಯಲ್ಲಿ ಈಚೆಗೆ ಒಂದೇ ಮಾತು: "ಕರ್ನಲ್ ಅಂದ್ರೆ ಕಂಪ್ಯೂಟರಿನ ಜೀವ ಸಾ. ಅದ್ರಾಗೇ ಒಂದು ತೂತು ಐತೆ. ಅದ್ರಿಂದ ಯಾರೂ ಏನೂ ಕದಿಯಾಕಾಗಕಿಲ್ಲ. ಆದ್ರೆ ಒರಗಿನೋನು ಒಂದು ಕೆಟ್ಟ ಸಂದೇಶ ಕಳಿಸಿದ್ರೆ ಸಾಕು, ಸಿಸ್ಟಮ್ಮು ಕಲ್ಲಾಗ್ಬುಡ್ತದೆ." ಹಾಗಾದರೆ ಬೆಳಗ್ಗೆ ಹಾಲು ಅಳೆದು ಲೆಕ್ಕ ಬರೆಯಲಾಗದೆ ಕ್ಯಾನು ಹಿಡಿದವರ ಸಾಲು ರಸ್ತೆಗೆ ಬರುತ್ತದೆ, ಹಾಲು ಒಡೆಯುತ್ತದೆ, ಬೈಗುಳವೆಲ್ಲ ಅವನ ಫೋನಿಗೆ. ಯಂತ್ರ ನೆಟ್ಟಗಿದ್ದ ದಿನ ಅವನಿಗೆ ಫೋನು ಮಾಡಿದವರನ್ನು ನಾನು ಕಂಡಿಲ್ಲ. ಆ ತೂತಿಗೆ ಹೊಸ ಸಾಫ್ಟ್‌ವೇರಿನ ತೇಪೆ ಹಾಕಿ, ಯಂತ್ರ ಮತ್ತೆ ಶುರುವಾಗುವವರೆಗೆ ಹಸುವಿನ ಬೆನ್ನು ಸವರಿದಂತೆ ಅದನ್ನು ಸವರುತ್ತಾ "ಏಳವ್ವಾ, ಏಳು" ಎನ್ನುತ್ತಾನೆ. ಮೊನ್ನೆ ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನನ್ನ ಪಕ್ಕದಲ್ಲಿ ಮುದ್ದೆ ಮುಂದಿಟ್ಟುಕೊಂಡೂ ಮುಟ್ಟದೆ ಕೂತಿದ್ದ. ಒಂದೂವರೆಗೆ ಸರಿಯಾಗಿ ಅವನ ಫೋನು ಇಪ್ಪತ್ಮೂರು ಸಲ ಸದ್ದು ಮಾಡಿತು. "ಮನೆ ತುಂಬ ಜನ ಅವ್ರೆ ಕಣಪ್ಪ ನಿಂಗೆ!" ಎಂದರು ಹೋಟೆಲಿನ ಕಾಮಾಕ್ಷಮ್ಮ. ಅವನು ನಕ್ಕು ಮುದ್ದೆ ಮುರಿದ. ನಾನು ಫೋನಿನತ್ತ ಇಣುಕಿದೆ. ಅವನು ತೇಪೆ ಹಾಕಿದ ಇಪ್ಪತ್ಮೂರು ಡೇರಿಗಳ ಯಂತ್ರಗಳು, ತಾವು ನಿಂತಿಲ್ಲವೆಂದು ತಿಳಿಸಲು ದಿನಕ್ಕೊಮ್ಮೆ ತಾವಾಗಿಯೇ ಕಳಿಸುವ ಸಂದೇಶಗಳು ಅವು. ಎಲ್ಲದರಲ್ಲೂ ಒಂದೇ ಒಕ್ಕಣೆ: "ಎಚ್ಚರವಾಗಿದೀನಿ. ಊಟ ಆಯ್ತಾ ಮಂಜಣ್ಣ?" ಯಂತ್ರ ನಿಂತಿಲ್ಲವೆಂದು ತಿಳಿಯಲು ಮೊದಲ ಮಾತೇ ಸಾಕಿತ್ತು. ಎರಡನೆಯದನ್ನು ಬರೆದು ಸೇರಿಸಿದವನೂ ಅವನೇ.