ಏಳು ಹೆಣ್ಣುಮಕ್ಕಳ ಕ್ಯಾಸೆಟ್ಟು

ತೊಂಬತ್ತರ ದಶಕದ ಕೊನೆಯಲ್ಲಿ ಬಸವಕಲ್ಯಾಣದ ನಾವು ಏಳು ಜನ ಹೆಣ್ಣುಮಕ್ಕಳು ಸೇರಿ ಒಂದು ಕ್ಯಾಸೆಟ್ ಮಾಡಿದೆವು. ಪ್ರತಿ ಸೋಮವಾರ ಸಂಜೆ ಓಣಿಯ ಮಠದಲ್ಲಿ ವಚನ ಹಾಡುತ್ತಿದ್ದವರು ನಾವು. ನಾನು ಬ್ಲೌಸ್ ಹೊಲಿಯುತ್ತಿದ್ದೆ, ಒಬ್ಬಳು ಅಂಗನವಾಡಿ ಟೀಚರ್. ನಮಗೆಲ್ಲ ಹಾಡು ಕಲಿಸಿದವರು ನಮ್ಮ ಏಳು ಜನರಲ್ಲೇ ಒಬ್ಬರಾದ, ಅರವತ್ತು ದಾಟಿದ ಹೆಣ್ಣುಮಗಳು. ಆಯಿ ಎನ್ನುತ್ತಿದ್ದೆವು. ಅವರಿಗೆ ಅಕ್ಷರ ಬರುತ್ತಿರಲಿಲ್ಲ; ವಚನಗಳೆಲ್ಲ ಬಾಯಲ್ಲೇ ಇದ್ದವು.

ಹುಮನಾಬಾದ್ ಬಸ್ ಸ್ಟ್ಯಾಂಡಿನ ಎದುರು ಒಬ್ಬ ಚಾಚಾರ ಕ್ಯಾಸೆಟ್ ಅಂಗಡಿ ಇತ್ತು. ಹಿಂದಿನ ಕೋಣೆಯ ಗೋಡೆಗಳಿಗೆ ಹಳೆಯ ಗಾದಿ ಬಡಿದು ಅಲ್ಲೇ ರೆಕಾರ್ಡಿಂಗ್ ಮಾಡುತ್ತಿದ್ದರು. ಸದ್ದು ಬರುತ್ತದೆಂದು ಫ್ಯಾನ್ ನಿಲ್ಲಿಸಿದ್ದರಿಂದ ಎರಡು ದಿನ ಬೆವರು ಸುರಿಸುತ್ತ ಹಾಡಿದೆವು.

ಜಗಳವಾದದ್ದು ಕವರಿನ ಮೇಲೆ ನಮ್ಮ ಹೆಸರು ಹಾಕುವ ವಿಷಯಕ್ಕೆ. ನಮ್ಮ ಮಾವ ಕೂಗಾಡಿದರು: "ಹೆಣ್ಮಕ್ಕಳ ಹೆಸರು ಬಜಾರದಾಗ ತೂಗ್ಹಾಕ್ತೀರೇನು? ಭಜನಾ ಮಂಡಳಿ ಹೆಸರು ಹಾಕ್ರಿ, ಸಾಕು."

"ಹಾಡಿದ್ದು ಮಂಡಳಿ ಅಲ್ರಿ ಮಾವಾ, ನಾವು," ಎಂದೆ. ಅವರೆದುರು ನಾನು ಮಾತಾಡಿದ್ದು ಅದೇ ಮೊದಲು. ಏಳೂ ಹೆಸರು ಅಚ್ಚಾದವು. ಆಯಿ ತಮ್ಮ ಹೆಸರು ಯಾವುದೆಂದು ಕೇಳಿ, ಅದರ ಮೇಲೆ ಬೆರಳಾಡಿಸಿದರು. ಮಾವ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಹತ್ತು ವರ್ಷದ ಮೇಲೆ ನನ್ನ ಗಂಡ ಹೊಸ ಮೊಬೈಲು ತಂದರು. ಅಂಗಡಿಯವನು ಮೆಮೊರಿ ಕಾರ್ಡಿನ ತುಂಬ ಹಾಡು ಹಾಕಿಕೊಟ್ಟಿದ್ದ. ನಡುವೆ ನಮ್ಮದೂ ಬಂತು! ಪರದೆಯ ಮೇಲೆ ಮಾತ್ರ ಹಾಡಿದವರು 'ಅನ್‌ನೋನ್' ಎಂದಿತ್ತು. ಮರುದಿನವೇ ಆ ಅಂಗಡಿಗೆ ಹೋದೆ.

"ಡೌನ್‌ಲೋಡ್ ಮಾಡಿದ್ದು ಅದ ರೀ ಅಕ್ಕಾರ," ಎಂದ ಅವನು. "ನಿಮ್ಮ ಹಾಡು ಹಳ್ಳಿಖೇಡದ ತನಕ ಕೇಳಾಕತ್ತಾರ. ಖುಷಿ ಪಡ್ರಿ."

"ಹಾಡಿದವರು ಯಾರು ಅಂತ ತಿಳಿಬೇಕೋ ಬ್ಯಾಡೋ? ಹೆಸರು ಹಾಕು."

ಪಾಪ, ಹಾಕಿದ. ಕನ್ನಡದಲ್ಲಿ ಬರೆದರೆ ಮೊಬೈಲಿನಲ್ಲಿ ಬರೀ ಡಬ್ಬಿ ಡಬ್ಬಿ ಕಂಡವು. ಇಂಗ್ಲಿಷಿನಲ್ಲಿ ಬರೆದರೆ ಮೂರನೆಯ ಹೆಸರಿಗೇ ಜಾಗ ಮುಗಿಯಿತು. "ಹಂಗಾದ್ರ ಅಳಿಸಿಬಿಡು," ಎಂದೆ. ನನ್ನೆದುರೇ ಅಳಿಸಿದ. ಅಷ್ಟರಲ್ಲಿ ಅದು ಎಷ್ಟೋ ಕಾರ್ಡುಗಳಿಗೆ ಹೋಗಿಬಿಟ್ಟಿತ್ತು ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಆ ವರ್ಷವೇ ಎರಡನೆಯ ಸಲ ಹಾಡುವ ಮಾತು ಬಂತು. ಅಂಗನವಾಡಿ ಟೀಚರ್ ಹೇಳಿದಳು: "ಈಗ ಕ್ಯಾಸೆಟ್ ಯಾರ್ ಕೇಳ್ತಾರ? ಕಂಪ್ಯೂಟರಿನ್ಯಾಗ ಹಾಕಿಸೋಣು. ಎಲ್ಲಾರೂ ಡೌನ್‌ಲೋಡ್ ಮಾಡ್ಕೋತಾರ." ಅವಳ ಮಾತು ಸುಳ್ಳಲ್ಲ. ಆದರೂ ಅಲ್ಲೂ ನಮ್ಮ ಹೆಸರು ಉದುರಿಹೋಗುತ್ತದೆಂದು ಒಲ್ಲೆ ಎಂದೆ. ಎಲ್ಲರೂ ಆಯಿಯ ಮುಖ ನೋಡಿದೆವು.

"ನನಗ ಅದೆಲ್ಲ ತಿಳಿಯಂಗಿಲ್ಲವ್ವಾ," ಎಂದರು ಆಯಿ. "ನನ್ನ ತಂಗಿಗಿ ಕೈಯಾಗ ಕೊಡ್ಲಾಕ ಬರೋ ಹಂಗ ಮಾಡ್ರಿ."

ಹುಮನಾಬಾದಿಗೆ ಹೋದೆವು. ಚಾಚಾರ ರೆಕಾರ್ಡಿಂಗ್ ಕೋಣೆಯಲ್ಲಿ ಮೊಬೈಲ್ ಕವರುಗಳ ಡಬ್ಬಗಳು ತುಂಬಿದ್ದವು. "ಈಗ ಕ್ಯಾಸೆಟ್ ತೊಗೊಳ್ಳೋರು ಯಾರ್ರೀ ಅಕ್ಕಾರ?" ಎಂದು ನಕ್ಕರು.

"ಯಾರೂ ತೊಗೊಳ್ಳಿಲ್ಲಂದ್ರ ನಾವೇ ಕೇಳ್ತೀವಿ ಚಾಚಾ. ಮಷಿನ್ ಹಚ್ರಿ."

ಡಬ್ಬಗಳನ್ನು ನಾವೇ ಹೊರಗಿಟ್ಟು ಕಸ ಗುಡಿಸಿದೆವು. ಆಯಿಯ ದನಿ ಮೊದಲಿನಂತಿರಲಿಲ್ಲ, ನಡುವೆ ಎರಡು ಕಡೆ ಕೆಮ್ಮು ಬಂತು. ಚಾಚಾ ಮತ್ತೆ ಹಾಡಿಸುತ್ತೇನೆಂದರು. ಆಯಿ ಒಪ್ಪಲಿಲ್ಲ, ಹಾಗೇ ಬಿಡಿಸಿದರು.

ಆ ಕ್ಯಾಸೆಟ್ ನಡೆಯಲಿಲ್ಲ. ಆಯಿಯ ತಂಗಿ ಇದ್ದ ಮಂಠಾಳದ ಕಡೆ ಕೆಲವು ಹೋದವು. ಮಿಕ್ಕವನ್ನು ಬ್ಲೌಸ್ ಹೊಲಿಸಲು ಬಂದವರಿಗೆ ಕೊಟ್ಟೆ. ಟೇಪ್‌ ರೆಕಾರ್ಡರ್ ಇಲ್ಲವೆಂದು ಕೆಲವರು ಹಿಂದಕ್ಕೆ ಕೊಟ್ಟರು. ಸೋತೆವೆಂದು ನನಗೆ ಅನಿಸಲೇ ಇಲ್ಲ. ಮೊಬೈಲಿಗೆ ಹಾಕಿಕೊಡಿ ಎಂದು ಈಗಲೂ ಕೇಳುವವರಿದ್ದಾರೆ. ನಾನು ಹಾಕಿಕೊಡುವುದಿಲ್ಲ. ಕೇಳುವ ಮನಸ್ಸಿದ್ದವರು ಮನೆಗೆ ಬರಲಿ, ಚಹಾ ಮಾಡುತ್ತೇನೆ. ಕೆಮ್ಮಿನ ಸಮೇತ ಪೂರ್ತಿ ಕೇಳಿಯೇ ಏಳಬೇಕು.